ತಾಳಗುಪ್ಪ ಹೋಂಸ್ಟೇನಾ, ಜೋಗದ ಹತ್ರ ಹೋಂಸ್ಟೇನಾ: ವೆಬ್ ಪೇಜಿಗೆ ಯಾವ ಟೈಟಲ್ ಇಡೋದು

ನಮ್ಮ ಚಿಕ್ಕಮ್ಮ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ರ ಒಂದು ಹಳ್ಳೀಲಿ ಅಪ್ಪೆಮಿಡಿ (ಪರಿಮಳದ ಎಳೇ ಮಾವಿನಕಾಯಿ) ಉಪ್ಪಿನಕಾಯಿ ಹಾಕಿ ಮಾರ್ತಾರೆ. ಮೊದ್ಲು ಬರೀ ನೆಂಟರಿಗೆ ಅಂತ ಇತ್ತು, ಆಮೇಲೆ ಬೆಂಗಳೂರಿಂದೆಲ್ಲ ಕೇಳೋಕೆ ಶುರು ಮಾಡಿದ್ಮೇಲೆ ಪೇಟೇಲಿ ಒಬ್ಬರಿಗೆ ದುಡ್ಡು ಕೊಟ್ಟು ವೆಬ್‌ಸೈಟೂ ಮಾಡಿಸಿದ್ರು. ಸೈಟ್ ಚೆನ್ನಾಗೇ ಇತ್ತು, ಭರಣಿ ಫೋಟೋ, ರೇಟು, ಫೋನ್ ನಂಬರು ಎಲ್ಲ ಇತ್ತು, ಆದ್ರೆ ಗೂಗಲ್ಲಲ್ಲಿ ಹುಡುಕಿದ್ರೆ ಮಾತ್ರ ಸಿಗ್ತಿರ್ಲಿಲ್ಲ. "ಎಂತಕ್ಕೆ ಮಾರಾಯ, ನಮ್ದು ಬರೋದೇ ಇಲ್ವಲ್ಲ" ಅಂತ ನಾನು ಹೋದಾಗೆಲ್ಲ ಕೇಳೋರು. ಒಂದಿನ ಕೂತು ನೋಡಿದ್ರೆ ಸೈಟಲ್ಲಿದ್ದ ಅಷ್ಟೂ ಪೇಜಿಗೆ ಒಂದೇ ಟೈಟಲ್, "ಹೋಮ್" ಅಂತ. ಉಪ್ಪಿನಕಾಯಿ ಪೇಜಿಗೂ ಹೋಮ್, ವಿಳಾಸದ ಪೇಜಿಗೂ ಹೋಮ್.

ಆಮೇಲಿಂದ ನೆಂಟರು, ಪರಿಚಯದೋರು ಅಂತ ಸುಮಾರು ಜನರ ಸೈಟಿಗೆ ಟೈಟಲ್ ಬರೆದುಕೊಟ್ಟಿದೀನಿ, ಹೋಂಸ್ಟೇ ಇದೆ, ಅಡಿಕೆ ಸಸಿ ನರ್ಸರಿ ಇದೆ, ದಿನಾ ಅಡಿಕೆ ರೇಟ್ ಹಾಕೋ ಪೇಜ್ ಇದೆ. ಎಲ್ಲಾ ಕಡೇನೂ ಅದೇ ಗೊಂದಲ, ಇದಾ ಅದಾ ಅಂತ. ಹಂಗಾಗಿ ಒಂದೊಂದೇ ಜೋಡಿ ಎದುರು ಬದುರು ಇಟ್ಟು, ಯಾವುದು ಯಾವಾಗ ಸರಿ ಅಂತ ನನಗನ್ಸಿದ್ದನ್ನ ಹೇಳ್ತೀನಿ.

ಮೊದ್ಲು ಒಂದು ವಿಷಯ ಬೇರೆ ಮಾಡ್ಕೊಳ್ಳಿ. ನಾನು ಟೈಟಲ್ ಅಂತಿರೋದು ಪೇಜಿನ ಒಳಗೆ ದೊಡ್ಡ ಅಕ್ಷರದಲ್ಲಿ ಕಾಣೋ ಹೆಡಿಂಗ್ ಅಲ್ಲ. ಬ್ರೌಸರಿನ ಟ್ಯಾಬಲ್ಲಿ ಕಾಣತ್ತಲ್ಲ, ಗೂಗಲ್ ರಿಸಲ್ಟಲ್ಲಿ ಮುಟ್ಟಿದ್ರೆ ಪೇಜ್ ತೆರೆಯೋ ಆ ಒಂದು ಸಾಲು, ಅದು. ಎಚ್‌ಟಿಎಂಎಲ್‌ನಲ್ಲಿ (ಪೇಜ್ ಕಟ್ಟೋ ಕೋಡಲ್ಲಿ) ಅದಕ್ಕೆ ಅಂತಾನೇ ಟೈಟಲ್ ಟ್ಯಾಗ್ ಇರತ್ತೆ, ವರ್ಡ್‌ಪ್ರೆಸ್ ಥರದ್ದರಲ್ಲಿ ಅದಕ್ಕೆ ಬೇರೆ ಜಾಗ ಕೊಟ್ಟಿರ್ತಾರೆ. ವಾಟ್ಸಾಪಲ್ಲಿ ಲಿಂಕ್ ಕಳಿಸಿದಾಗ ಮೇಲೆ ಕಾಣೋದು ಇನ್ನೊಂದು, ಅದಕ್ಕೆ ಓಜಿ ಟೈಟಲ್ ಅಂತಾರೆ. ನಮ್ಮ ಕಡೆ ಗಿರಾಕಿಗಳು ಗೂಗಲ್ಲಿಗಿಂತ ವಾಟ್ಸಾಪಿಂದ ಬರೋದು ಜಾಸ್ತಿ, ಅದಕ್ಕೆ ಅದನ್ನೂ ಖಾಲಿ ಬಿಡ್ಬೇಡಿ.

ಕನ್ನಡ ಅಕ್ಷರನಾ, ಇಂಗ್ಲಿಷ್ ಅಕ್ಷರನಾ

ಎಲ್ಲಕ್ಕಿಂತ ಜಾಸ್ತಿ ಜಗಳ ಆಗೋದು ಇದರ ಮೇಲೇನೇ. "ಎಲ್ಲರೂ ಇಂಗ್ಲಿಷಲ್ಲೇ ಟೈಪ್ ಮಾಡ್ತಾರೆ, ಟೈಟಲ್ ಇಂಗ್ಲಿಷಲ್ಲೇ ಇರ್ಲಿ" ಅಂತ ಸೈಟ್ ಮಾಡಿಕೊಡೋರು ಹೇಳ್ತಾರೆ. ಅದರಲ್ಲಿ ಅರ್ಧ ನಿಜ ಇದೆ. ನಮ್ಮ ಹುಡುಗರು ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಹುಡುಕ್ತಾರೆ, ಹೌದು. ಆದ್ರೆ ನಮ್ಮ ಚಿಕ್ಕಪ್ಪನಂಥೋರು ಮೈಕ್ ಒತ್ತಿ ಬಾಯಲ್ಲೇ ಹೇಳ್ತಾರೆ, ಆಗ ಹುಡುಕೋ ಮಾತು ಕನ್ನಡ ಅಕ್ಷರದಲ್ಲೇ ಬೀಳತ್ತೆ. ಮಲೆನಾಡಿನ ಹಳ್ಳಿಗಳಲ್ಲಿ ಅರವತ್ತು ದಾಟಿದೋರು ಫೋನ್ ಹಿಡಿದು ಮಾತಾಡ್ತಾ ಹುಡುಕೋದನ್ನ ನಾನು ದಿನಾ ನೋಡ್ತೀನಿ, ಅವರನ್ನ ಲೆಕ್ಕಕ್ಕೇ ಹಿಡೀದೆ ಇರೋದು ತಪ್ಪು.

ಆದ್ರೆ ಯಾರು ಹೆಂಗೆ ಟೈಪ್ ಮಾಡ್ತಾರೆ ಅನ್ನೋದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಪೇಜಿನ ಒಳಗಿರೋ ಬರಹ ಒಂದು ಭಾಷೆ, ಟೈಟಲ್ ಇನ್ನೊಂದು ಭಾಷೆ ಅಥವಾ ಇನ್ನೊಂದು ಲಿಪಿ ಆದ್ರೆ ಗೂಗಲ್ ಆ ಟೈಟಲ್ಲನ್ನ ಬಿಟ್ಟು ಪೇಜಿನ ಬರಹಕ್ಕೆ ಹೊಂದೋ ಬೇರೆ ಸಾಲನ್ನ ತೋರಿಸಬಹುದು. 2022ರ ಜೂನಲ್ಲಿ ಗೂಗಲ್ ಇದನ್ನ ಬಾಯಿಬಿಟ್ಟೇ ಹೇಳ್ತು, ಎರಡು ಭಾಷೆ ಬೆರೆಸಿದ ಟೈಟಲ್, ಲಿಪಿ ಬದಲಿಸಿ ಬರೆದ ಟೈಟಲ್, ಇಂಥವನ್ನ ಗುರುತು ಹಿಡಿಯೋದನ್ನ ಸುಧಾರಿಸಿದೀವಿ ಅಂತ. ಅಂದ್ರೆ ಒಳಗೆ ಪೂರ್ತಿ ಕನ್ನಡದಲ್ಲಿ ಬರೆದು ಮೇಲೆ ಇಂಗ್ಲಿಷ್ ಅಕ್ಷರದ ಟೈಟಲ್ ಅಂಟಿಸಿದ್ರೆ ನೀವು ಕಷ್ಟಪಟ್ಟು ಬರೆದಿದ್ದು ಕಾಣದೇ ಹೋಗಿ, ಒಳಗಿನ ಹೆಡಿಂಗ್ ಯಾವುದೋ ಎದ್ದು ಬರಬಹುದು.

ಹಂಗಾಗಿ ನನ್ನ ತೀರ್ಮಾನ ಇಷ್ಟು: ಪೇಜ್ ಕನ್ನಡದಲ್ಲಿದ್ರೆ ಟೈಟಲ್ ಕನ್ನಡ ಲಿಪಿಯಲ್ಲಿ, ಪೇಜ್ ಇಂಗ್ಲಿಷಲ್ಲಿದ್ರೆ ಇಂಗ್ಲಿಷಲ್ಲಿ. ಎರಡೂ ಥರದ ಗಿರಾಕಿ ಬೇಕು ಅಂದ್ರೆ ಎರಡು ಪೇಜ್ ಮಾಡಿ, ಒಂದಕ್ಕೊಂದು ಜೋಡಿ ಅಂತ ಹೆಚ್‌ರೆಫ್‌ಲ್ಯಾಂಗ್ (hreflang) ಅನ್ನೋ ಗುರುತನ್ನ ಕೋಡಲ್ಲಿ ಹಾಕಿ ಗೂಗಲ್ಲಿಗೆ ತಿಳಿಸಿ. ಎರಡು ಪೇಜ್ ನೋಡ್ಕೊಳ್ಳೋಕೆ ಆಗಲ್ಲ ಅನ್ನೋರು ಒಂದನ್ನೇ ನೆಟ್ಟಗೆ ಮಾಡಿ. ಒಂದೇ ಸಾಲಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷ್ ತುರುಕೋದು ನನಗಂತೂ ಇಷ್ಟ ಇಲ್ಲ, ಅದು ಓದೋಕೂ ತೊಡಕು. ಹಾಂ, "ಹೋಂಸ್ಟೇ", "ನರ್ಸರಿ", "ರೇಟ್" ಇವೆಲ್ಲ ಈಗ ನಮ್ಮದೇ ಮಾತು, ಇವನ್ನ ಕನ್ನಡ ಅಕ್ಷರದಲ್ಲೇ ಧೈರ್ಯವಾಗಿ ಬರೀರಿ, ತಂಗುಮನೆ ಅಂತ ಯಾರೂ ಹುಡುಕಲ್ಲ.

ಇಲ್ಲೇ ಇನ್ನೊಂದು ಹೇಳ್ಬಿಡ್ತೀನಿ, ಇದು ಇಂಗ್ಲಿಷಿನೋರಿಗಿಲ್ಲ, ಕನ್ನಡದಂಥ ಭಾಷೆಯೋರಿಗೆ ಇರೋ ತೊಂದ್ರೆ. ಡಿಟಿಪಿ ಅಂಗಡೀಲಿ ಹಳೇ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ ಕನ್ನಡ, ಆ ಫಾಂಟ್ ಇದ್ರೆ ಮಾತ್ರ ಕನ್ನಡವಾಗಿ ಕಾಣತ್ತೆ, ಒಳಗಿರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕರಪತ್ರಕ್ಕೆ ಅಂತ ಮಾಡಿಸಿದ ಸಾಲನ್ನೇ ಕಾಪಿ ಹೊಡೆದು ಟೈಟಲ್ಲಿಗೆ ಹಾಕಿದ್ರೆ ಗೂಗಲ್ಲಿಗೆ ಸಿಗೋದು ಆ ರಾಶಿ. ಒಬ್ಬರ ನರ್ಸರಿ ಸೈಟಲ್ಲಿ ಇದನ್ನ ಕಣ್ಣಾರೆ ನೋಡಿ ಬೇಜಾರಾಯ್ತು, ಅಷ್ಟು ಚೆನ್ನಾಗಿ ಸಸಿ ಬೆಳೆಸೋರು, ಟೈಟಲ್ ನೋಡಿದ್ರೆ ಒಂದಕ್ಷರ ಅರ್ಥ ಆಗಲ್ಲ. ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಎರಡರಲ್ಲೂ ಯುನಿಕೋಡ್ (ಯಾವ ಫೋನಲ್ಲೂ ಕನ್ನಡವಾಗೇ ಉಳಿಯೋ ವಿಧಾನ) ಇದೆ, ಇಲ್ಲಾಂದ್ರೆ ಫೋನ್ ಕೀಬೋರ್ಡಲ್ಲೇ ಹೊಸದಾಗಿ ಟೈಪ್ ಮಾಡಿ, ಅದು ಯುನಿಕೋಡೇ ಇರತ್ತೆ.

ಊರಿನ ಹೆಸರಾ, ಹೆಸರುವಾಸಿ ಜಾಗದ ಹೆಸರಾ

ತಾಳಗುಪ್ಪದ ಹತ್ರ ಒಬ್ಬರು ಹೋಂಸ್ಟೇ ನಡೆಸ್ತಾರೆ. ಅವರ ಟೈಟಲ್ ಮೊದ್ಲು "ತಾಳಗುಪ್ಪ ಹೋಂಸ್ಟೇ" ಅಂತಿತ್ತು. ಸತ್ಯವಾದ ಟೈಟಲ್, ಚಿಕ್ಕದೂ ಹೌದು. ಆದ್ರೆ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಯಿಂದ ಹೊರಡೋರ ತಲೇಲಿರೋದು ತಾಳಗುಪ್ಪ ಅಲ್ಲ, ಜೋಗ. 253 ಮೀಟರ್ ಮೇಲಿಂದ ಶರಾವತಿ ಧುಮುಕೋದನ್ನ ನೋಡ್ಬೇಕು, ರಾಜ ರಾಣಿ ರೋರರ್ ರಾಕೆಟ್ ನಾಲ್ಕೂ ತುಂಬಿ ಹರೀಬೇಕು, ಅದಕ್ಕೆ ಅವರು ಹೊರಡೋದು. ಉಳ್ಕೊಳ್ಳೋ ಜಾಗ ಎಲ್ಲಿದ್ರೂ ಸರಿ, ಜೋಗಕ್ಕೆ ಹತ್ರ ಇರ್ಬೇಕು ಅಷ್ಟೇ.

ಹಂಗಂತ "ಜೋಗ ಫಾಲ್ಸ್ ಹೋಂಸ್ಟೇ" ಅಂತ ಇಟ್ಬಿಟ್ರೆ? ಬಂದೋರು ಫಾಲ್ಸ್ ಪಕ್ಕದಲ್ಲೇ ಇದೆ ಅಂದ್ಕೊಂಡು ಬಂದು, ಇಲ್ಲಿಂದ ಇನ್ನೂ ಕಾರಲ್ಲಿ ಹೋಗ್ಬೇಕು ಅಂತ ಗೊತ್ತಾದಾಗ ಮುಖ ಸಣ್ಣಗೆ ಮಾಡ್ಕೋತಾರೆ. ಕೆಟ್ಟ ರಿವ್ಯೂ ಬರೋದು ಊಟಕ್ಕಲ್ಲ, ಇಂಥದ್ದಕ್ಕೆ. ಇನ್ನೊಂದು ಏನಂದ್ರೆ ತಾಳಗುಪ್ಪ ಅನ್ನೋ ಹೆಸರನ್ನ ಪೂರ್ತಿ ಬಿಡೋ ಹಂಗೂ ಇಲ್ಲ, ಯಾಕಂದ್ರೆ ರೈಲಲ್ಲಿ ಬರೋರಿಗೆ ಆ ಹೆಸರು ಗೊತ್ತು, ಅದೇ ಕೊನೇ ಸ್ಟೇಷನ್ನು. ಕೊನೆಗೆ ನಾವು ಇಟ್ಟಿದ್ದು "ಜೋಗ ಫಾಲ್ಸ್ ಹತ್ರ ಹೋಂಸ್ಟೇ, ತಾಳಗುಪ್ಪ" ಅಂತ. ಹುಡುಕೋ ಮಾತು ಮುಂದೆ ಬಂತು, "ಹತ್ರ" ಅನ್ನೋ ಪದ ಇರೋದ್ರಿಂದ ಸುಳ್ಳಾಗ್ಲಿಲ್ಲ, ನಿಜವಾದ ಊರೂ ಹಿಂದೆ ಬಂತು. ದೂರ ಎಷ್ಟು ಅಂತ ಪೇಜಿನ ಮೊದಲ ಪ್ಯಾರಾದಲ್ಲೇ ಬರೆದ್ವಿ.

ಆದ್ರೆ ಇದು ಎಲ್ಲಾ ಕಡೆ ನಡಿಯಲ್ಲ. ಆಗುಂಬೆಯಲ್ಲೇ ಇರೋರು, ತೀರ್ಥಹಳ್ಳಿ ಪೇಟೇಲೇ ಇರೋರು ಊರಿನ ಹೆಸರನ್ನೇ ಮುಂದಿಡಿ, ಅದಕ್ಕಿಂತ ದೊಡ್ಡ ಹೆಸರು ಬೇಕಿಲ್ಲ. ಊರು ಗೊತ್ತಿಲ್ಲದ ಕಡೆ ಮಾತ್ರ ಹತ್ತಿರದ ದೊಡ್ಡ ಹೆಸರಿನ ಆಸರೆ ತಗೊಳ್ಳಿ. "ಮಲೆನಾಡು" ಅಂತ ಬರಿಯೋದು ಚೆಂದ ಕಾಣತ್ತೆ ನಿಜ, ಆದ್ರೆ ಮಲೆನಾಡು ಅಂದ್ರೆ ಶಿವಮೊಗ್ಗನೂ ಹೌದು ಚಿಕ್ಕಮಗಳೂರೂ ಹೌದು, ಬರೋರಿಗೆ ಯಾವ ಬಸ್ ಹತ್ಬೇಕು ಅಂತ ಅದರಿಂದ ಗೊತ್ತಾಗಲ್ಲ.

ಶಿವಮೊಗ್ಗನಾ ಶಿಮೊಗಾನಾ ಅನ್ನೋದನ್ನೂ ತುಂಬಾ ಜನ ಕೇಳ್ತಾರೆ, ಅದರಲ್ಲೂ ಇಂಗ್ಲಿಷ್ ಪೇಜ್ ಇರೋರು. 2014ರ ನವೆಂಬರ್ 1ಕ್ಕೆ ಅಧಿಕೃತವಾಗಿ ಹೆಸರು ಬದಲಾಯ್ತು, ಆದ್ರೂ ಹೊರಗಿನೋರು ಇನ್ನೂ ಹಳೇದನ್ನೇ ಒತ್ತೋದುಂಟು. ಎರಡೂ ಒಂದೇ ಊರು ಅಂತ ಗೂಗಲ್ಲಿಗೆ ಗೊತ್ತು. ಟೈಟಲ್ಲಲ್ಲಿ ಶಿವಮೊಗ್ಗ ಇಡಿ, ಹಳೇ ಸ್ಪೆಲ್ಲಿಂಗನ್ನ ಪೇಜಿನೊಳಗೆ ಒಂದ್ಸಲ ಬರೀರಿ, ಸಾಕು.

ನಾವು ಬರಿಯೋ ಪದ, ಅವರು ಹುಡುಕೋ ಪದ

ಪೇಪರಲ್ಲಿ "ಅಡಿಕೆ ಧಾರಣೆ" ಅಂತ ಬರತ್ತೆ. ಮಂಡೀಲಿ ನಿಂತೋರು "ರೇಟ್ ಎಷ್ಟಾಯ್ತು ಇವತ್ತು" ಅಂತ ಕೇಳ್ತಾರೆ. ಟೈಟಲ್ಲಿಗೆ ಯಾವುದು? ನಾನು ರೇಟ್ ಅಂತೀನಿ, ಧಾರಣೆನ ಹೆಡಿಂಗಲ್ಲಿ ಇಡಿ ಅಂತೀನಿ, ಹಂಗೆ ಮಾಡಿದ್ರೆ ಎರಡೂ ಪೇಜಲ್ಲಿ ಇದ್ದಂಗಾಯ್ತು. ಆದ್ರೆ ಅಡಿಕೆ ಅಂತ ಬರೆದು ನಿಲ್ಲಿಸೋ ಬದ್ಲು ಯಾವ ಅಡಿಕೆ ಅಂತ ಹೇಳೋದು ಇನ್ನೂ ಮುಖ್ಯ. ಬೆಳೆಗಾರನಿಗೆ ಬೇಕಿರೋದು ತನ್ನ ಮಾಲಿನ ರೇಟು: ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೇಲಿ ಬಗೆಗಳಿವೆ, ಒಂದೊಂದಕ್ಕೂ ಬೇರೆ ಬೇರೆ. "ಅಡಿಕೆ ಮಾರುಕಟ್ಟೆ ಮಾಹಿತಿ" ಅನ್ನೋ ಟೈಟಲ್ಲಿಗೂ "ಶಿವಮೊಗ್ಗ ಅಡಿಕೆ ರೇಟ್ ಇವತ್ತು: ರಾಶಿ, ಬೆಟ್ಟೆ, ಸರಕು, ಗೊರಬಲು" ಅನ್ನೋ ಟೈಟಲ್ಲಿಗೂ ಇರೋ ವ್ಯತ್ಯಾಸ ನೋಡಿ, ಮೊದಲನೇದು ಕಚೇರಿ ಬೋರ್ಡಿನಂಗಿದೆ, ಎರಡನೇದು ಕೇಳಿದೋನಿಗೆ ಉತ್ತರ ಕೊಟ್ಟಂಗಿದೆ.

ಇಂಥ ಪೇಜಲ್ಲಿ ತಾರೀಕು ಹಾಕೋದಾ ಬೇಡ್ವಾ ಅನ್ನೋ ಪ್ರಶ್ನೆನೂ ಬರತ್ತೆ. ದಿನಾ ಬದಲಾಯಿಸೋಕೆ ನಿಮಗೆ ಆಗತ್ತೆ ಅಂದ್ರೆ ಹಾಕಿ, ಆಗಲ್ಲ ಅಂದ್ರೆ ಹಾಕ್ಲೇಬೇಡಿ. ಪೇಜಲ್ಲಿ ಈ ವರ್ಷದ ವಿಷಯ ಇದ್ದು ಟೈಟಲ್ಲಲ್ಲಿ ಹಳೇ ವರ್ಷ ಉಳಿದುಬಿಟ್ರೆ ಗೂಗಲ್ ತಾನೇ ಬೇರೆ ಟೈಟಲ್ ಹಾಕ್ಕೋಬಹುದು, ಇದು ಅವರೇ ಹೇಳಿರೋ ತಪ್ಪುಗಳಲ್ಲಿ ಒಂದು. ಅದಕ್ಕಿಂತ ಹೆಚ್ಚಾಗಿ ಹಳೇ ತಾರೀಕು ನೋಡಿದ ರೈತ ಆ ಪೇಜನ್ನ ಮುಟ್ಟೋದೇ ಇಲ್ಲ.

ಚಿಕ್ಕಮ್ಮನ ಸೈಟಿಗೆ ಬರ್ತೀನಿ. ಅಡುಗೆಮನೇಲಿ ಅವರು ಉಪ್ಪಲ್ಲಿ ನೆನೆದ ಮಿಡಿನ ಒಂದೊಂದೇ ಎತ್ತಿ ಒರೆಸ್ತಾ ಇದ್ರು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೆ. ಅವರಿಗೆ ಇಷ್ಟ ಆಗಿದ್ದು "ಮಲೆನಾಡಿನ ರುಚಿ ನಿಮ್ಮ ಮನೆಬಾಗಿಲಿಗೆ". ಬ್ಯಾನರಿಗೆ ಒಳ್ಳೇ ಸಾಲು ಅದು, ಆದ್ರೆ ಅದರಲ್ಲಿ ಉಪ್ಪಿನಕಾಯಿ ಅನ್ನೋ ಪದಾನೇ ಇಲ್ಲ. ನನ್ನ ತಮ್ಮ ಫೋನಲ್ಲಿ ಬರೆದು ಕಳಿಸಿದ್ದು "ಉಪ್ಪಿನಕಾಯಿ, ಮಾವಿನಕಾಯಿ ಉಪ್ಪಿನಕಾಯಿ, ಮಿಡಿ ಉಪ್ಪಿನಕಾಯಿ, ಬೆಸ್ಟ್ ಉಪ್ಪಿನಕಾಯಿ ಆನ್‌ಲೈನ್". ಅದರಲ್ಲಿ ಉಪ್ಪಿನಕಾಯಿ ಬಿಟ್ರೆ ಬೇರೆ ಏನೂ ಇಲ್ಲ. ಒಂದೇ ಪದವನ್ನ ಹಂಗೆ ಪದೇ ಪದೇ ತುಂಬೋದು ಉಪಯೋಗಕ್ಕೂ ಬರಲ್ಲ, ಗೂಗಲ್ಲೂ ಅದನ್ನ ಬೇಡ ಅಂತಾನೇ ಹೇಳತ್ತೆ, ನೋಡೋರಿಗೂ ಇದು ಮೋಸದ ಅಂಗಡಿ ಅನ್ಸತ್ತೆ. "ನಿಮ್ಮ ಹತ್ರ ಫೋನ್ ಮಾಡಿದೋರು ಎಂತ ಅಂತ ಕೇಳ್ತಾರೆ ಚಿಕ್ಕಮ್ಮ" ಅಂದೆ. ಅವರು ಕೈ ಒರೆಸ್ಕೊಂಡು ಯೋಚ್ನೆ ಮಾಡಿ, "ಅಪ್ಪೆಮಿಡಿ ಇದ್ಯಾ ಅಂತಾರೆ, ಮನೇಲೇ ಮಾಡಿದ್ದಾ ಅಂತಾರೆ, ಗೊತ್ತಿದ್ದೋರು ಜೀರಿಗೆ ಮಿಡೀದು ಇದ್ಯಾ ಅಂತಾರೆ" ಅಂದ್ರು.

ಟೈಟಲ್ ಅಲ್ಲೇ ಸಿಕ್ತು. ಮುಖ್ಯ ಪೇಜಿಗೆ "ಅಪ್ಪೆಮಿಡಿ ಉಪ್ಪಿನಕಾಯಿ, ಸಾಗರದಲ್ಲಿ ಮನೇಲೇ ಮಾಡಿದ್ದು". ಜೀರಿಗೆ ಮಿಡಿಗೆ, ಅಂದ್ರೆ ಜೀರಿಗೆ ಪರಿಮಳದ ಅಪ್ಪೆಮಿಡಿಗೆ, ಬೇರೇನೇ ಪೇಜು, "ಜೀರಿಗೆ ಮಿಡಿ ಉಪ್ಪಿನಕಾಯಿ, ಅರ್ಧ ಕೆಜಿ ಮತ್ತು 1 ಕೆಜಿ". ಸೊನೆಯ ಪರಿಮಳ ಗೊತ್ತಿರೋ ಗಿರಾಕಿ ಅದನ್ನೇ ಹುಡುಕ್ಕೊಂಡು ಬರ್ತಾನೆ, ಅವನನ್ನ ಎಲ್ಲ ಉಪ್ಪಿನಕಾಯಿ ಒಟ್ಟಿಗಿರೋ ಪೇಜಿಗೆ ಕಳಿಸಿ ಹುಡುಕಿಸಬಾರದು. ಒಂದು ಪೇಜಿಗೆ ಒಂದು ಟೈಟಲ್, ಇನ್ನೊಂದು ಪೇಜಿಗೆ ಅದೇ ಬೇಡ, ಇದು ಬಿಡಬಾರದ ನಿಯಮ.

ಉದ್ದ ಎಷ್ಟಿರ್ಬೇಕು

60 ಅಕ್ಷರದೊಳಗೆ ಅಂತ ಎಲ್ಲಾ ಕಡೆ ಹೇಳ್ತಾರೆ. ಅದು ಇಂಗ್ಲಿಷಿನ ಅಂದಾಜು. ಟೈಟಲ್ಲಿಗೆ ಇಷ್ಟೇ ಅಕ್ಷರ ಅಂತ ಗೂಗಲ್ ಯಾವ ಮಿತಿನೂ ಇಟ್ಟಿಲ್ಲ, ಸ್ಕ್ರೀನಿನ ಅಗಲಕ್ಕೆ ತಕ್ಕಂಗೆ ಕತ್ತರಿಸತ್ತೆ, ಕಂಪ್ಯೂಟರಲ್ಲಿ ಅದು ಸುಮಾರು 600 ಪಿಕ್ಸೆಲ್. ಕನ್ನಡಕ್ಕೆ ಅಕ್ಷರ ಎಣಿಸೋ ಟೂಲ್ ಕೆಲಸಕ್ಕೇ ಬರಲ್ಲ. "ಶಿವಮೊಗ್ಗ" ಅಂತ ಹಾಕಿ ನೋಡಿ, ನಮ್ಮ ಕಣ್ಣಿಗೆ ನಾಲ್ಕಕ್ಷರ, ಟೂಲ್ ಎಂಟು ಅನ್ನತ್ತೆ, ಯಾಕಂದ್ರೆ ಗುಣಿತದ ಗುರುತು, ಒತ್ತು, ಒಳಗೆ ಕೂತಿರೋ ಅರ್ಧಾಕ್ಷರದ ಗುರುತು ಎಲ್ಲವನ್ನೂ ಬೇರೆ ಬೇರೆ ಎಣಿಸತ್ತೆ. "ತೀರ್ಥಹಳ್ಳಿ"ಗೆ ಹತ್ತು. ಇತ್ತ ಒತ್ತಕ್ಷರ ಕೆಳಗೆ ಕೂರೋದ್ರಿಂದ ಜಾಗ ತಿನ್ನಲ್ಲ, ಅತ್ತ ನಮ್ಮ ಅಕ್ಷರಗಳು ಇಂಗ್ಲಿಷಿನವಕ್ಕಿಂತ ಅಗಲ. ಹಂಗಾಗಿ ಎಣಿಕೆ ಬಿಟ್ಟು ಫೋನಲ್ಲಿ ನಿಜವಾಗಿ ಹುಡುಕಿ ಕಣ್ಣಲ್ಲೇ ನೋಡಿ. ಮುಖ್ಯವಾದ್ದು ಮೊದಲ ಮೂರ್ನಾಲ್ಕು ಪದದಲ್ಲಿ ಬಂದಿದ್ರೆ ಬಾಲ ಕತ್ತರಿಸಿದ್ರೂ ಚಿಂತೆ ಇಲ್ಲ.

ತೀರಾ ಗಿಡ್ಡ ಆದ್ರೂ ಕಷ್ಟ. ಬರೀ "ನರ್ಸರಿ" ಅಂದ್ರೆ ಹೂವಿನ ಗಿಡಾನಾ, ಅಡಿಕೆ ಸಸಿನಾ, ಮಕ್ಕಳ ಶಾಲೇನಾ?

ಅಂಗಡಿ ಹೆಸರು ಮುಂದಾ ಹಿಂದಾ ಅಂದ್ರೆ, ಒಳಗಿನ ಪೇಜುಗಳಿಗೆ ಹಿಂದೆ, ಅದೂ ಜಾಗ ಇದ್ರೆ. ಮುಖಪುಟಕ್ಕೆ ಬೇಕಾದ್ರೆ ಮುಂದಿಡಿ. 2022ರ ಅಕ್ಟೋಬರಿಂದ ಮೊಬೈಲಲ್ಲಿ ಸೈಟಿನ ಹೆಸರನ್ನ ಗೂಗಲ್ ಟೈಟಲ್ಲಿನ ಮೇಲೆ ಬೇರೆಯಾಗೇ ತೋರಿಸ್ತಾ ಇದೆ, ಹಂಗಾಗಿ ಪ್ರತಿ ಟೈಟಲ್ಲಿಗೂ ಅಂಗಡಿಯ ಪೂರ್ತಿ ಹೆಸರು, ಮಾಲೀಕರ ಹೆಸರು ಎಲ್ಲ ಸೇರಿಸೋ ಅಗತ್ಯ ಇನ್ನೂ ಕಮ್ಮಿಯಾಗಿದೆ. ಹೆಸರು ಆಗಲೇ ಜನರ ಬಾಯಲ್ಲಿದ್ರೆ ಮಾತ್ರ ಲೆಕ್ಕ ಬೇರೆ, ಊರಿಗೆಲ್ಲ ಗೊತ್ತಿರೋ ಮೆಸ್ ಆದ್ರೆ ಜನ ಹೆಸರು ಹೇಳೇ ಹುಡುಕ್ತಾರೆ.

ಕೀವರ್ಡ್ಸ್ ಅಂತ ಇನ್ನೊಂದು ಟ್ಯಾಗ್ ತುಂಬಿಸಿಕೊಡ್ತೀವಿ ಅಂತ ದುಡ್ಡು ಕೇಳೋರು ಈಗಲೂ ಇದಾರೆ. ರ‍್ಯಾಂಕಿಂಗಿಗೆ ಅದನ್ನ ನೋಡೋದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ಆ ದುಡ್ಡಲ್ಲಿ ಒಳ್ಳೇ ಫೋಟೋ ತೆಗೆಸಿ.

ಇಷ್ಟೆಲ್ಲ ಮಾಡಿದ್ರೂ ನೀವು ಬರೆದ ಟೈಟಲ್ಲೇ ಕಾಣತ್ತೆ ಅಂತ ಗ್ಯಾರಂಟಿ ಇಲ್ಲ. 2021ರ ಆಗಸ್ಟಲ್ಲಿ ಗೂಗಲ್ ಟೈಟಲ್ ತೋರಿಸೋ ವಿಧಾನ ಬದಲಾಯಿಸಿದಾಗ ತುಂಬಾ ಜನ ಗಾಬರಿಯಾದ್ರು, ಸೆಪ್ಟೆಂಬರಲ್ಲಿ ಅವರೇ ಕೊಟ್ಟ ಲೆಕ್ಕದ ಪ್ರಕಾರ 87% ಸಲ ಸೈಟಿನೋರು ಬರೆದ ಟೈಟಲ್ಲೇ ಬಳಕೆಯಾಗತ್ತೆ. ಉಳಿದ ಕಡೆ ಹೆಡಿಂಗಿಂದಲೋ, ಬೇರೆ ಪೇಜಿಂದ ನಿಮಗೆ ಕೊಟ್ಟಿರೋ ಲಿಂಕಿನ ಮಾತಿಂದಲೋ ಎತ್ಕೊಳ್ಳತ್ತೆ. ಅದಕ್ಕೆ ಪೇಜಿನ ಹೆಡಿಂಗೂ ಟೈಟಲ್ಲಿನ ಮಾತೂ ಒಂದಕ್ಕೊಂದು ಹತ್ತಿರ ಇರ್ಲಿ, ಆಗ ಯಾವುದು ಬಂದ್ರೂ ನಷ್ಟ ಇಲ್ಲ.

ಬದಲಾಯಿಸಿದ್ಮೇಲೆ ಗೂಗಲ್ ಸರ್ಚ್ ಕನ್ಸೋಲ್ ನೋಡೋ ಅಭ್ಯಾಸ ಮಾಡ್ಕೊಳ್ಳಿ, ಫ್ರೀ ಇದೆ. ಜನ ಯಾವ ಮಾತು ಹುಡುಕಿದಾಗ ನಿಮ್ಮ ಪೇಜ್ ಕಾಣಿಸ್ತು, ಎಷ್ಟು ಸಲ ಕಾಣಿಸ್ತು, ಎಷ್ಟು ಜನ ಮುಟ್ಟಿದ್ರು ಅಂತ 16 ತಿಂಗಳ ಹಿಂದಿನವರೆಗೂ ಸಿಗತ್ತೆ. ತುಂಬಾ ಸಲ ಕಂಡಿದೆ, ಮುಟ್ಟಿದೋರು ಮಾತ್ರ ಕಮ್ಮಿ ಅನ್ನೋ ಪೇಜಿಂದ ಶುರು ಮಾಡಿ, ಟೈಟಲ್ ತಪ್ಪಿರೋ ಸಾಧ್ಯತೆ ಅಲ್ಲೇ ಹೆಚ್ಚು. ನಾನು ಮೊದಲ ಸಲ ಹೋಂಸ್ಟೇ ಸೈಟಿನ ಎಲ್ಲ ಟೈಟಲ್ಲನ್ನೂ ಹೆಡಿಂಗನ್ನೂ ಒಂದೇ ರಾತ್ರಿ ಬದಲಾಯಿಸಿದ್ದೆ, ಆಮೇಲೆ ಯಾವುದರಿಂದ ಏನಾಯ್ತು ಅಂತ ಹೇಳೋಕೆ ಬರ್ಲಿಲ್ಲ. ಈಗ ಒಂದ್ಸಲಕ್ಕೆ ಒಂದು ಪೇಜು, ಬದಲಾಯಿಸಿದ ತಾರೀಕು ಡೈರೀಲಿ ಬರೆದಿಡ್ತೀನಿ.

ಹೊಸ ಟೈಟಲ್ ಗೂಗಲ್ಲಲ್ಲಿ ಕಾಣೋಕೆ ಕೆಲವು ದಿನದಿಂದ ಕೆಲವು ವಾರ ಹಿಡಿಯತ್ತೆ, ಇನ್‌ಸ್ಪೆಕ್ಷನ್ ಟೂಲಲ್ಲಿ (ಅದೂ ಸರ್ಚ್ ಕನ್ಸೋಲಲ್ಲೇ ಇದೆ) ಮತ್ತೆ ಇಂಡೆಕ್ಸ್ ಮಾಡಿ, ಅಂದ್ರೆ ಪೇಜನ್ನ ಮತ್ತೆ ಓದ್ಕೊಳ್ಳಿ ಅಂತ ಕೇಳ್ಬಹುದು, ಆದ್ರೂ ಕಾಯ್ಬೇಕು. ಹಂಗಾಗಿ ಸೀಸನ್ ನೋಡಿ ಕೆಲಸ ಮಾಡಿ. ಅಡಿಕೆ ಸಸಿ ಬೇಕಾದೋರು ಮಳೆ ಹಿಡಿಯೋಕೆ ಮುಂಚೆನೇ ವಿಚಾರಿಸ್ತಾರೆ, ಜೋಗಕ್ಕೆ ಬರೋರು ಜೂನಲ್ಲಿ ಮಳೆ ಜೋರಾದ ಸುದ್ದಿ ಕೇಳ್ತಿದ್ದಂಗೆ ರೂಮ್ ಹುಡುಕ್ತಾರೆ. ನರ್ಸರಿ, ಹೋಂಸ್ಟೇ ಇಟ್ಟಿರೋರು ಏಪ್ರಿಲ್ ಮುಗಿಯೋದ್ರೊಳಗೆ ಟೈಟಲ್ ಸರಿ ಮಾಡಿ ಇಟ್ಕೊಳ್ಳಿ, ಆ ಹೊತ್ತಿಗೆ ಚಿಕ್ಕಮ್ಮನ ಮನೇಲಿ ಹೊಸ ಮಿಡಿ ಉಪ್ಪಿಗೆ ಬಿದ್ದಿರತ್ತೆ.